ಮಳೆಗಾಲದ ಆ ಮಾತ್ರೆನ ಗುಪ್ತರೋಗ ತಡೆಯೋಕೂ ಕೊಡ್ಬೇಕಾ? ಪರ-ವಿರೋಧ

ಪ್ರಶ್ನೆ ಇಷ್ಟೇ. ಕಾಂಡೋಮ್ ಇಲ್ದೆ ಸೆಕ್ಸ್ ಆದ್ಮೇಲೆ 72 ಗಂಟೆ ಒಳಗೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ 200 ಮಿಲಿಗ್ರಾಂ ನುಂಗಿದ್ರೆ ಸಿಫಿಲಿಸ್, ಕ್ಲಮೈಡಿಯಾ ಅನ್ನೋ ಗುಪ್ತರೋಗಗಳು ಬಹಳಷ್ಟು ತಪ್ತವೆ ಅಂತ ಈಚಿನ ಸಂಶೋಧನೆಗಳು ಹೇಳ್ತಿವೆ. ಇದಕ್ಕೆ ಡಾಕ್ಸಿಪೆಪ್ ಅಂತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಜೂನ್‌ನಲ್ಲಿ ಇದಕ್ಕೆ ಮಾರ್ಗಸೂಚಿನೂ ಕೊಡ್ತು. ಗುಪ್ತರೋಗ ನೋಡೋ ಮುಂಬೈನ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲೂ ಇದನ್ನ ಶುರು ಮಾಡ್ಬೇಕಾ? ಬರ್ದಿರೋರಲ್ಲಿ ಒಬ್ರು ಹನ್ನೊಂದು ವರ್ಷದಿಂದ ಲೋಕಲ್ ಟ್ರೇನ್, ಪಾರ್ಕು, ಹೋಟೆಲ್ ಹುಡುಗ್ರ ರೂಮು ಅಂತ ಸುತ್ತಿ ಟೆಸ್ಟಿಗೆ ಕರ್ಕೊಂಡು ಹೋಗೋ ಔಟ್‌ರೀಚ್ ಕೆಲಸದೋರು, ಇನ್ನೊಬ್ರು ಡೊಂಬಿವಲಿಯಲ್ಲಿ ಮೆಡಿಕಲ್ ಅಂಗಡಿ ನಡ್ಸೋ ಬೆಳಗಾವಿ ಕಡೆಯೋರು.

ಪರ: ನೀರಿಗೆ ಯಾಕಿಳಿದೆ ಅಂತ ಯಾರೂ ಕೇಳ್ಲಿಲ್ಲ

ಹೋದ ಮಳೆಗಾಲದಲ್ಲಿ ಕುರ್ಲಾ ಸ್ಟೇಷನ್ ಹೊರಗೆ ಮೊಣಕಾಲುದ್ದ ನೀರು ನಿಂತಿತ್ತು, ಹೋಟೆಲ್‌ನಲ್ಲಿ ಕೆಲ್ಸ ಮಾಡೋ ನಮ್ಮ ಕುಂದಾಪುರ ಕಡೆ ಹುಡುಗ ಒಬ್ಬ ಅದ್ರಲ್ಲೇ ನಡ್ಕೊಂಡು ರೂಮಿಗೆ ಬಂದ, ಅವ್ನ ಹಿಮ್ಮಡಿ ಮೊದ್ಲೇ ಒಡ್ದಿತ್ತು. ಮಾರನೇ ದಿನ ದವಾಖಾನೆಗೆ ಕರ್ಕೊಂಡು ಹೋದೆ. ಡಾಕ್ಟ್ರು ಕಾಲು ನೋಡಿದ್ರು, ಇಲಿಜ್ವರ ಬರ್ಬಾರ್ದು ಅಂತ ಡಾಕ್ಸಿಸೈಕ್ಲಿನ್ ಬರ್ದ್ರು, ಊಟ ಆದ್ಮೇಲೆ ತಗೋ, ದೊಡ್ಡ ಲೋಟ ನೀರು ಕುಡಿ, ತಗೊಂಡ ಕೂಡ್ಲೇ ಮಲಗ್ಬೇಡ ಅಂದ್ರು, ಮುಗೀತು. ನೀರಿಗೆ ಯಾಕಪ್ಪಾ ಇಳಿದೆ, ನಿಂಗೆ ಬುದ್ಧಿ ಇಲ್ವಾ, ಅಪ್ಪ ಅಮ್ಮನಿಗೆ ಗೊತ್ತಾ ಅಂತ ಒಬ್ರೂ ಕೇಳ್ಲಿಲ್ಲ.

2005ರ ಜುಲೈ 26 ಈ ಊರಲ್ಲಿ ಇದ್ದೋರು ಯಾರೂ ಮರೆಯಲ್ಲ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ನೀರಿಳಿದ್ಮೇಲೆ ಇಲಿಜ್ವರ. ಈಗ ಮಳೆ ಜೋರಾಗಿ ನೀರು ನಿಂತ್ರೆ ಪಾಲಿಕೆನೇ ಹೇಳುತ್ತೆ, ನೀರಲ್ಲಿ ನಡೆದಿದ್ರೆ 72 ಗಂಟೆ ಒಳಗೆ ಡಾಕ್ಟ್ರನ್ನ ಕಂಡು ಮಾತ್ರೆ ತಗೊಳ್ಳಿ ಅಂತ. ಅದೇ ಮಾತ್ರೆ, ಅದೇ 200 ಮಿಲಿಗ್ರಾಂ, ಅದೇ 72 ಗಂಟೆ. ಡಾಕ್ಸಿಪೆಪ್ ಅಂದ್ರೆ ಏನೋ ಹೊಸ ವಿದೇಶಿ ಔಷಧಿ ಅಂತ ತಿಳ್ಕೊಂಡೋರಿಗೆ ಇದನ್ನ ಮೊದ್ಲು ಹೇಳ್ಬೇಕು.

ಈಗ ಅದೇ ಹುಡುಗನ ಇನ್ನೊಂದು ಕಥೆ ಕೇಳಿ. ಅದಕ್ಕೂ ಆರು ತಿಂಗ್ಳು ಹಿಂದೆ ಅವ್ನಿಗೆ ಕೆಳಗೆ ಒಂದು ಹುಣ್ಣಾಗಿತ್ತು. ನೋವಿಲ್ಲ, ಉರಿ ಇಲ್ಲ, ಮೂರ್ನಾಲ್ಕು ವಾರದಲ್ಲಿ ತಾನಾಗೇ ಮಾಯ್ತು. ಇವ್ನು ಗಂಡಸರ ಜೊತೆ ಹೋಗ್ತಾನೆ ಅನ್ನೋದು ನಂಗೊಬ್ನಿಗೆ ಗೊತ್ತು, ಟೆಸ್ಟ್ ಮಾಡ್ಸೋಣ ಬಾ ಅಂದ್ರೆ "ಗಾಯ ಹೋಯ್ತಲ್ಲ ಅಣ್ಣ, ಈಗ ಎಂತ ಟೆಸ್ಟು" ಅಂತ ನಗ್ತಿದ್ದ. ಎರಡು ತಿಂಗ್ಳಾದ್ಮೇಲೆ ಅಂಗೈಲಿ ಕೆಂಪು ಕಲೆ ಎದ್ವು. ಪಾತ್ರೆ ತೊಳ್ಯೋ ಸೋಪಿನ ಅಲರ್ಜಿ ಅಂತ ಹೋಟೆಲ್ ಯಜಮಾನ್ರು ಅವ್ನಿಗೆ ಗ್ಲೌಸ್ ತಂದ್ಕೊಟ್ರು, ಒಳ್ಳೆ ಮನುಷ್ಯ. ನಾನು ಅಂಗೈ ನೋಡಿದ ಕೂಡ್ಲೇ ಎಳ್ಕೊಂಡು ಹೋದೆ, ಸಿಫಿಲಿಸ್. ಸಿಫಿಲಿಸ್ ಹಂಗೇ, ಮೊದಲ್ನೇ ಹುಣ್ಣು ಮಾಯ್ದಾಗ ರೋಗ ಹೋಗಿರಲ್ಲ, ರಕ್ತಕ್ಕೆ ಇಳ್ದಿರುತ್ತೆ. ಪೆನ್ಸಿಲಿನ್ ಇಂಜೆಕ್ಷನ್ ಕೊಟ್ರು, ವಾಸಿ ಆಯ್ತು. ಆದ್ರೆ ಇಂಜೆಕ್ಷನ್ ಕೊಡೋ ಮೊದ್ಲು ಅಲ್ಲಿದ್ದ ಒಬ್ರು ಅವ್ನಿಗೆ ಹದಿನೈದು ನಿಮಿಷ ಬೈದ್ರು, ಎಲ್ರೆದುರಿಗೆ. ಅವ್ನು ಆ ಬಾಗ್ಲಿಗೆ ಮತ್ತೆ ಕಾಲಿಡಲ್ಲ ಅಂತ ಟ್ಯಾಕ್ಸಿಲೇ ಹೇಳ್ದ, ಹೇಳ್ದಂಗೇ ಮಾಡ್ದ.

ನನ್ನ ವಾದ ಇಲ್ಲಿಂದ್ಲೇ ಶುರು ಆಗೋದು. ಸ್ಯಾನ್ ಫ್ರಾನ್ಸಿಸ್ಕೋ, ಸಿಯಾಟಲ್ ಎರಡೂ ಊರಲ್ಲಿ 501 ಜನರ ಮೇಲೆ ಮಾಡಿದ ಅಧ್ಯಯನ 2023ರಲ್ಲಿ ಬಂತು, ಗಂಡಸರ ಜೊತೆ ಸೆಕ್ಸ್ ಮಾಡೋ ಗಂಡಸರು, ಟ್ರಾನ್ಸ್‌ಜೆಂಡರ್ ಮಹಿಳೆಯರು, ಎಲ್ರೂ ಒಂದೋ ಎಚ್‌ಐವಿ ಇದ್ದೋರು ಇಲ್ಲಾ ಎಚ್‌ಐವಿ ಬರ್ದಿರಲಿ ಅಂತ ಪ್ರೆಪ್ ಮಾತ್ರೆ ತಗೊಳ್ತಿದ್ದೋರು. ಮೂರು ತಿಂಗ್ಳಿಗೊಮ್ಮೆ ಟೆಸ್ಟ್. ಪ್ರೆಪ್ ತಗೊಳ್ಳೋರ ಪೈಕಿ ಡಾಕ್ಸಿ ಇಲ್ದೋರಲ್ಲಿ ಪ್ರತಿ ಮೂರು ತಿಂಗ್ಳಿಗೆ ನೂರಕ್ಕೆ ಸುಮಾರು 32 ಸಲ ಏನಾದ್ರೊಂದು ಸೋಂಕು ಸಿಕ್ತು, ಡಾಕ್ಸಿ ತಗೊಂಡೋರಲ್ಲಿ ಸುಮಾರು 11. ಅಂದ್ರೆ ಮೂರರಲ್ಲಿ ಎರಡು ಭಾಗ ತಪ್ತು. ಅದಕ್ಕೂ ಮೊದ್ಲು 2018ರಲ್ಲೇ ಫ್ರಾನ್ಸ್‌ನೋರು 232 ಜನರಲ್ಲಿ ನೋಡಿದ್ರು, ಕ್ಲಮೈಡಿಯಾ, ಸಿಫಿಲಿಸ್ ಎರಡೂ ನೂರಕ್ಕೆ 70ರಷ್ಟು ಕಮ್ಮಿ. ಅಧ್ಯಯನದಲ್ಲಿ ಸರಿ, ಊರಲ್ಲಿ ಏನಾಗುತ್ತೆ ಅಂತ ಕೇಳ್ತೀರಾ? ಸ್ಯಾನ್ ಫ್ರಾನ್ಸಿಸ್ಕೋ 2022ರ ಅಕ್ಟೋಬರ್‌ನಲ್ಲಿ ತಾನೇ ಮೊದ್ಲು ಶುರು ಮಾಡ್ತು, ಮುಂದಿನ ವರ್ಷದ ಕೊನೆಗೆ ಈ ಸಮುದಾಯದಲ್ಲಿ ಕ್ಲಮೈಡಿಯಾ ಮತ್ತೆ ಹೊಸ ಸಿಫಿಲಿಸ್ ಅಂದಾಜಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು.

ಎಲ್ರಿಗೂ ಹಂಚಿ ಅಂತ ನಾನು ಹೇಳ್ತಿಲ್ಲ. ಸಿಡಿಸಿ ಹೇಳೋದೂ ಹಂಗಲ್ಲ, ಗಂಡಸರ ಜೊತೆ ಹೋಗೋ ಗಂಡಸರು, ಟ್ರಾನ್ಸ್ ಮಹಿಳೆಯರು, ಇವ್ರಲ್ಲಿ ಕಳೆದ ಒಂದು ವರ್ಷದಲ್ಲಿ ಒಂದ್ಸಲನಾದ್ರೂ ಸಿಫಿಲಿಸ್ಸೋ ಕ್ಲಮೈಡಿಯಾನೋ ಗೊನೊರಿಯಾನೋ ಬಂದಿರೋರಿಗೆ, ಅದೂ ಮೂರರಿಂದ ಆರು ತಿಂಗ್ಳಿಗೊಮ್ಮೆ ಟೆಸ್ಟ್ ಮಾಡ್ಕೊಂಡು. ನಂಗೆ ಬೇಕಿರೋದು ಆ ಟೆಸ್ಟೇ. ಹನ್ನೊಂದು ವರ್ಷದಲ್ಲಿ ನಾನು ಕಂಡಿರೋದು ಏನಂದ್ರೆ, ಬರೀ ಟೆಸ್ಟಿಗೆ ಬಾ ಅಂದ್ರೆ ಹುಡುಗ್ರು ಬರಲ್ಲ, ಅವ್ರ ಕೈಗೆ ಏನಾದ್ರೂ ಕೊಡ್ತೀವಿ ಅಂದ್ರೆ ಬರ್ತಾರೆ. ಮಾತ್ರೆ ತಗೊಳ್ಳೋಕೆ ಬಂದೋನು ರಕ್ತ ಕೊಟ್ಟು ಹೋಗ್ತಾನೆ, ಎಚ್‌ಐವಿ ಟೆಸ್ಟೂ ಆಗುತ್ತೆ. ಡಾಕ್ಸಿ ಎಚ್‌ಐವಿ ತಡಿಯಲ್ಲ, ಹರ್ಪಿಸ್ ತಡಿಯಲ್ಲ, ಅದನ್ನ ಅವ್ನಿಗೆ ಕೂರ್ಸಿ ಹೇಳೋಕೂ ಅವ್ನು ಎದುರಿಗೆ ಬಂದಿರ್ಬೇಕಲ್ವಾ.

ಕಾಂಡೋಮ್ ಇದ್ಯಲ್ಲ ಅಂತಾರೆ. ಇದೆ, ನನ್ನ ಚೀಲದಲ್ಲಿ ಯಾವಾಗ್ಲೂ ಇರುತ್ತೆ, ಆದ್ರೆ ಬಾಯಿಂದಲೂ ಸಿಫಿಲಿಸ್ ಹರಡುತ್ತೆ, ಬಾಯಿಗೆ ಕಾಂಡೋಮ್ ಹಾಕೋರನ್ನ ನಾನಿನ್ನೂ ನೋಡ್ಬೇಕು. ಆಮೇಲೆ ಇವ್ರಲ್ಲಿ ತುಂಬಾ ಜನ ಮದ್ವೆ ಆದೋರು, ಹೆಂಡ್ತಿ ಊರಲ್ಲಿ. ಮೇ ತಿಂಗ್ಳಲ್ಲಿ ರಜಾ ಹಾಕಿ ಊರಿಗೆ ಹೋಗ್ತಾರೆ. ಸಿಫಿಲಿಸ್ ಬಸುರಿಯಿಂದ ಹೊಟ್ಟೆಯ ಕೂಸಿಗೆ ಹೋಗುತ್ತೆ, ಕೂಸು ಹೊಟ್ಟೆಲೇ ಸಾಯ್ಬಹುದು. ಇಲ್ಲಿ ಒಬ್ನಿಗೆ ತಪ್ಸಿದ್ರೆ ಊರಲ್ಲಿ ಇಬ್ರಿಗೆ ತಪ್ಪುತ್ತೆ, ನಂಗೆ ಈ ಲೆಕ್ಕಕ್ಕಿಂತ ದೊಡ್ಡ ಲೆಕ್ಕ ಇಲ್ಲ.

ರೆಸಿಸ್ಟೆನ್ಸ್, ಅಂದ್ರೆ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂಗೆ ಆಗೋದು, ಆ ಮಾತು ಇದೆ, ಇಲ್ಲ ಅನ್ನಲ್ಲ. ಆದ್ರೆ ಮೊಡವೆಗೆ ಇದೇ ಡಾಕ್ಸಿನ ತಿಂಗಳುಗಟ್ಲೆ ಬರ್ದು ಕೊಡ್ತಾರಲ್ಲ, ಕಾಲೇಜು ಹುಡುಗಿ ಮುಖಕ್ಕೆ ದಿನಾ ಒಂದು ಮಾತ್ರೆ ಅಂದ್ರೆ ಯಾರ ಹುಬ್ಬೂ ಮೇಲೆ ಹೋಗಲ್ಲ. ಈ ಹುಡುಗ್ರ ಹೆಸ್ರು ಬಂದಾಗ್ಲೇ ಎಲ್ರಿಗೂ ಬ್ಯಾಕ್ಟೀರಿಯಾ ನೆನಪಾಗೋದು ನಂಗೆ ತುಂಬಾ ಬೇಜಾರು.

ವಿರೋಧ: ಗುಳಿಗಿ ಸಿಗ್ತದ, ಟೆಸ್ಟ್ ಎಲ್ಲಿ ಅದ?

ನಮ್ಮ ಅಂಗಡಿಗೆ ರಾತ್ರಿ ಒಂಬತ್ತರ ಮ್ಯಾಲೆ ಬರೋ ಗಿರಾಕಿಗಳೇ ಬ್ಯಾರೆ. ಬಾಗಲದಾಗ ನಿಂತು ಮೊಬೈಲ್ ನೋಡ್ತಾ ಇರ್ತಾರ, ಉಳಿದವರು ಹೋಗೂತನಕ ಕಾಯ್ತಾರ, ಆಮ್ಯಾಲೆ ಹತ್ತಿರ ಬಂದು ಒಂದು ಫೋಟೋ ತೋರಸ್ತಾರ. "ಅಕ್ಕಾ, ಈ ಗುಳಿಗಿ ಎರಡ ಸಾಕ್ರಿ." ಚೀಟಿ ಎಲ್ಲದ ಅಂದ್ರ ಗೆಳೆಯ ಹೇಳ್ಯಾನ ಅಂತಾರ. ಚೀಟಿ ಇಲ್ಲದ ಆ್ಯಂಟಿಬಯೋಟಿಕ್ ಕೊಡಂಗಿಲ್ಲ, ಪಟ್ಟಿ ಮ್ಯಾಲೆ ಕೆಂಪು ಗೆರಿ ಅದ ನೋಡಪಾ ಅಂತ ಹೇಳಿ ಕಳಸ್ತೀನಿ. ಕಳಿಸಿದ ಮ್ಯಾಲೆ ಎಲ್ಲೋ ಒಂದು ಕಡೆ ಅವಗ ಸಿಕ್ಕೇ ಸಿಗ್ತದ, ಅದೂ ನನಗ ಗೊತ್ತದ. ಹಿಂಗಾಗಿ ಕ್ಲಿನಿಕ್‌ದಾಗ ಇಂಥವರಿಗಷ್ಟ ಕೊಡ್ತೀವಿ ಅನ್ನೋ ಮಾತು ಕಾಗದದ ಮ್ಯಾಲೆ ಚಂದ. ಸುದ್ದಿ ಒಮ್ಮೆ ಹಬ್ಬಿತು ಅಂದ್ರ ಮಾಡಿ ಮರುದಿನ ಎರಡು ಗುಳಿಗಿ ನುಂಗಿದ್ರ ಏನೂ ಬರಂಗಿಲ್ಲ ಅನ್ನೋದೊಂದ ಉಳೀತದ, ಮೂರು ತಿಂಗಳ ಟೆಸ್ಟಿನ ಮಾತು ಹಾದಿಯಾಗ ಬಿದ್ದು ಹೋಗ್ತದ.

ಮ್ಯಾಲೆ ಬರೆದವರು ಆ ಹುಡುಗರ ಸಲುವಾಗಿ ಎಷ್ಟು ಮರಗ್ತಾರ ಅದು ಖರೇನ ಅದ, ನನಗೂ ಅವರ ಬಗ್ಗೆ ಗೌರವ. ಬೈದು ಕಳಿಸಿದವರ ತಪ್ಪೂ ಖರೆ. ಆದ್ರ ಅವರು ಹೇಳಿದ ಅಧ್ಯಯನದಾಗ ಗುಳಿಗಿ ಅಷ್ಟ ಇರಲಿಲ್ಲರೀ. ಮೂರು ತಿಂಗಳಿಗೊಮ್ಮೆ ಗಂಟಲು, ಉಚ್ಚಿ, ಗುದದ್ವಾರ ಎಲ್ಲಾ ಕಡೆಯ ಸ್ಯಾಂಪಲ್ ತಗೊಂಡು ಒಳ್ಳೆ ಮಶೀನ್‌ನಾಗ ನೋಡ್ತಿದ್ರು. ನಮ್ಮ ಸರ್ಕಾರಿ ಪದ್ಧತಿ ಹೆಂಗದ? ಲಕ್ಷಣ ನೋಡಿ ಬಣ್ಣದ ಕಿಟ್ ಕೊಡೋದು. ಕೀವು ಬರ್ತದ ಅಂದ್ರ ಬೂದು ಬಣ್ಣದ ಕಿಟ್, ಹುಣ್ಣಾಗ್ಯದ ಅಂದ್ರ ಬಿಳೆ ಕಿಟ್, ಹೆಣ್ಮಕ್ಕಳಿಗೆ ಕಿಬ್ಬೊಟ್ಟಿ ನೋವು ಅಂದ್ರ ಹಳದಿ. ಲ್ಯಾಬ್ ಇಲ್ಲದ ಕಡೆ ಅದು ದೊಡ್ಡ ಉಪಕಾರ ಮಾಡ್ಯದ, ಪುಕ್ಕಟೆ ಬ್ಯಾರೆ. ಆದ್ರ ಕ್ಲಮೈಡಿಯಾ ಆದ ಬಹಳ ಮಂದಿಗೆ, ಅದರಾಗೂ ಹೆಣ್ಮಕ್ಕಳಿಗೆ, ಲಕ್ಷಣನ ಇರಂಗಿಲ್ಲ. ಲಕ್ಷಣ ಇಲ್ಲದವರಿಗೆ ಯಾವ ಬಣ್ಣದ ಕಿಟ್ ಕೊಡ್ತೀರಿ? ರೊಕ್ಕ ಇದ್ರ ಮೊದಲ ಆ ಮಶೀನ್‌ಗೆ ಹಾಕ್ರಿ. ಸಿಫಿಲಿಸ್‌ಗೆ ರಕ್ತದ ಟೆಸ್ಟ್ ಇದ್ದೇ ಅದ, ಕ್ಲಮೈಡಿಯಾ ಗೊನೊರಿಯಾಕ್ಕ ಬಡವರ ಕೈಗೆ ಸಿಗೋ ಟೆಸ್ಟ್ ಇಲ್ಲ. ಆ ಟೆಸ್ಟ್ ಇಲ್ಲದ ಬರೇ ಗುಳಿಗಿ ತಂದ್ರ, ಒಗ್ಗರಣಿ ತಂದು ಬ್ಯಾಳಿ ಮರೆತಂಗ.

ಇನ್ನ ಗೊನೊರಿಯಾ. ಇದರ ಬ್ಯಾಕ್ಟೀರಿಯಾ ಪೆನ್ಸಿಲಿನ್ ತಿಂದು ಹಾಕ್ತು, ಟೆಟ್ರಾಸೈಕ್ಲಿನ್ ತಿಂತು, ಸಿಪ್ರೊಫ್ಲಾಕ್ಸಾಸಿನ್ ತಿಂತು, ಈಗ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮ್ಯಾಲೆ ಜೀವ ಹಿಡಕೊಂಡು ಕುಂತೀವಿ. ಡಾಕ್ಸಿ ಅಂದ್ರ ಟೆಟ್ರಾಸೈಕ್ಲಿನ್ ಮನಿತನದ್ದ. ಸ್ಯಾನ್ ಫ್ರಾನ್ಸಿಸ್ಕೋದಾಗ ಸಿಫಿಲಿಸ್ ಅರ್ಧ ಆತು ಅಂದ್ರಲ್ಲ, ಅದೇ ಲೆಕ್ಕದಾಗ ಗೊನೊರಿಯಾ ಹೇಳ್ಕೊಳ್ಳೂವಂಗ ಇಳಿದಿಲ್ಲ, ಆ ಮಾತು ಅವರು ಬಿಟ್ರು. ಅಮೆರಿಕದಾಗ ಟೆಟ್ರಾಸೈಕ್ಲಿನ್‌ಗೆ ಜಗ್ಗದ ಗೊನೊರಿಯಾ ಈ ಕೆಲವು ವರ್ಷದಾಗ ಹೆಚ್ಚಾಗೇದ. ಮಳಿನೀರಿನ ಹೋಲಿಕೆನೂ ನನಗ ಒಪ್ಪಿಗಿ ಇಲ್ಲ. ಮಳಿನೀರು ವರ್ಷಕ್ಕ ನಾಕು ದಿನ. ಇದು ವಾರಕ್ಕ ಎರಡು ಸಲ, ಮೂರು ಸಲ, ವರ್ಷಪೂರ್ತಿ ಆಗಬಹುದು. ಅಷ್ಟು ಗುಳಿಗಿ ಗುಪ್ತರೋಗದ ಬ್ಯಾಕ್ಟೀರಿಯಾಕ್ಕಷ್ಟ ತಾಗಂಗಿಲ್ಲ, ಮೂಗಿನಾಗ, ಚರ್ಮದ ಮ್ಯಾಲೆ, ಕರುಳಿನಾಗ ಇರೋ ಎಲ್ಲಾದಕ್ಕೂ ತಾಗ್ತದ. ಮೊಡವಿಗೆ ತಿಂಗಳಗಟ್ಲೆ ಬರಿಯೋದೂ ತಪ್ಪ, ನಾ ದಿನಾ ಆ ಚೀಟಿ ನೋಡಿ ನಿಟ್ಟುಸಿರು ಬಿಡ್ತೀನಿ, ಆದ್ರ ಅಲ್ಲೊಂದು ತಪ್ಪದ ಅಂತ ಇಲ್ಲಿ ಇನ್ನೊಂದು ಮಾಡೋದಾ?

ಎಲ್ಲಾಕ್ಕಿಂತ ನನಗ ಚುಚ್ಚೋದು ಹೆಣ್ಮಕ್ಕಳ ಮಾತು. ಕೀನ್ಯಾದ ಕಿಸುಮು ಊರಾಗ 18ರಿಂದ 30 ವರ್ಷದ 449 ಹೆಣ್ಮಕ್ಕಳ ಮ್ಯಾಲೆ ಇದೇ ಗುಳಿಗಿ ನೋಡಿದ್ರು, 2023ರ ಡಿಸೆಂಬರ್‌ನಾಗ ಫಲಿತಾಂಶ ಬಂತು, ಏನೂ ಹೇಳ್ಕೊಳ್ಳೂವಂಥ ಫಾಯದೆ ಕಾಣಲಿಲ್ಲ. ಕೂದಲದ ಸ್ಯಾಂಪಲ್ ಪರೀಕ್ಷಾ ಮಾಡಿದ್ರ ನೂರಕ್ಕ 29ರಾಗ ಅಷ್ಟ ಔಷಧ ಸಿಕ್ತು, ಅಂದ್ರ ಬಹಳ ಮಂದಿ ನುಂಗೇ ಇಲ್ಲ. ಯಾಕ ನುಂಗಲಿಲ್ಲ ಅಂತ ಗಂಡಸರು ಕೇಳಬಹುದು. ಗುಳಿಗಿ ಮನ್ಯಾಗ ಎಲ್ಲಿ ಇಡಬೇಕು ಅನ್ನೋದ ಒಂದು ದೊಡ್ಡ ಚಿಂತಿ ಅನ್ನೋದು ಹೆಣ್ಮಕ್ಕಳಿಗೆ ಹೇಳೋದೇ ಬ್ಯಾಡ. ಬಸುರಿ ಇದ್ರ ಡಾಕ್ಸಿ ಕೊಡಂಗೂ ಇಲ್ಲ. ಮುಂಬೈದಾಗ ಲೈಂಗಿಕ ಕೆಲಸದ ಹೆಣ್ಮಕ್ಕಳಿರೋ ಕಾಮಾಟಿಪುರದಾಗ ನಮ್ಮ ಬೆಳಗಾವಿ ಕಡೆಯವರು ಎಷ್ಟು ಮಂದಿ ಇದ್ದಾರ, ಅವರಿಗೆ ಈ ಗುಳಿಗಿಯಿಂದ ಏನು ಸಿಗ್ತದ ಅಂತ ಕೇಳಿದ್ರ ಇವತ್ತಿನ ಪುರಾವೆದಾಗ ಉತ್ತರ ಇಲ್ಲ.

ಗಂಡಗ ತಪ್ಪಿಸಿದ್ರ ಹೆಂಡ್ತಿಗೂ ತಪ್ತದ ಅಂತ ಮ್ಯಾಲೆ ಬರೆದಾರ. ನನ್ನ ಅಂಗಡ್ಯಾಗ ನಡೆದದ್ದು ಹೇಳ್ತೀನಿ. ಒಬ್ಬಾಕಿ ಬಿಳಿ ಹೋಗ್ತದ ಅಂತ ಎರಡು ತಿಂಗಳದಾಗ ಮೂರನೇ ಸಲ ಬಂದು ಒಳಗ ಇಟ್ಕೊಳ್ಳೋ ಗುಳಿಗಿ ಕೇಳಿದ್ಲು. "ತಂಗೀ, ಇದು ಹಿಂಗ ಹೋಗೋದಲ್ಲ, ಸರ್ಕಾರಿ ದವಾಖಾನ್ಯಾಗ ಪುಕ್ಕಟೆ ನೋಡ್ತಾರ, ಇಬ್ಬರೂ ಕೂಡಿ ಹೋಗ್ರಿ" ಅಂದೆ. "ಅವರಿಗೆ ಗೊತ್ತಾದ್ರ ನನ್ನ ಮ್ಯಾಲೆನ ಸಂಶಯ ಪಡ್ತಾರ್ರೀ ಅಕ್ಕಾ" ಅಂದ್ಲು. ಅದರ ಹಿಂದಿನ ವಾರ ಆಕಿ ಗಂಡ ಡಾಕ್ಟರ್ ಚೀಟಿ ತಂದು ಏಳು ದಿನದ ಡಾಕ್ಸಿ ನನ್ನ ಕೈಯಿಂದನ ಒಯ್ದಿದ್ದ, ಬ್ಯಾಗ್‌ನಾಗ ಬ್ಯಾಡ್ರಿ, ಕಿಸೆದಾಗ ಇಟ್ಕೋತೀನಿ ಅಂತ ಪಟ್ಟಿ ಮಡಚಿಕೊಂಡು. ಗಿರಾಕಿ ಗುಟ್ಟು ಇನ್ನೊಬ್ಬರಿಗೆ ಹೇಳಂಗಿಲ್ಲ. ಆಕಿ ರೊಕ್ಕ ಎಣಿಸಿ ಕೊಟ್ಲು, ಗುಳಿಗಿ ಪೊಟ್ಟಣ ಕಾಯಿಪಲ್ಲೆ ಚೀಲದ ತಳಕ್ಕ ಇಟ್ಟು, ಮ್ಯಾಲೆ ಮೆಂತೆ ಸೊಪ್ಪು ಮುಚ್ಚಿ, ಹೋದ್ಲು.