ಕಪ್ಪು ಕೈಮನ್: ಎಣಿಸಿ ಬೇಟೆಯಾಡಬಹುದೇ?

ಪರ

ಕಪ್ಪು ಕೈಮನ್ ಅಮೆಜಾನಿನ ದೈತ್ಯ. ಬಲಿತ ಗಂಡು 4 ಮೀಟರ್ ದಾಟುತ್ತದೆ. (ನಮ್ಮ ರಂಗನತಿಟ್ಟಿನ ಮೊಸಳೆಗೆ ದೂರದ ನೆಂಟ ಅಷ್ಟೆ, ಇದು ಅಲಿಗೇಟರ್ ಕುಟುಂಬದ್ದು.) ಹೊಳೆಯುವ ಕಪ್ಪು ಚರ್ಮವೇ ಅದಕ್ಕೆ ಮುಳುವಾಯಿತು. ಕಳೆದ ಶತಮಾನದ ನಡುವಿನಲ್ಲಿ ಚರ್ಮಕ್ಕಾಗಿ ಕೆರೆ ಕೆರೆಗಳನ್ನೇ ಬರಿದು ಮಾಡಿದರು. 1967ರಲ್ಲಿ ಬ್ರೆಜಿಲ್ ಬೇಟೆ ನಿಷೇಧಿಸಿತು. ಈಗ ಮಾಮಿರಾವಾ ರಕ್ಷಿತ ಪ್ರದೇಶದಂಥ ಕಡೆ ಮತ್ತೆ ಬೇಕಾದಷ್ಟಿವೆ. ಬಲೆ ಹರಿಯುತ್ತವೆ, ಆಗೊಮ್ಮೆ ಈಗೊಮ್ಮೆ ಮನುಷ್ಯರ ಮೇಲೂ ಬೀಳುತ್ತವೆ. ಕಷ್ಟವೆಲ್ಲ ನದಿದಂಡೆಯವರಿಗೆ, ಲಾಭ ಸೊನ್ನೆ.

ಅದೇ ಮಾಮಿರಾವಾದಲ್ಲಿ ಪಿರರುಕು ಎಂಬ ದೊಡ್ಡ ಮೀನಿದೆ. ಅದು ಉಸಿರಾಡಲು ಮೇಲೆ ಬಂದಾಗ ಮೀನುಗಾರರೇ ಎಣಿಸುತ್ತಾರೆ. ಬಲಿತವುಗಳಲ್ಲಿ ನೂರಕ್ಕೆ 30ರವರೆಗೆ ಹಿಡಿಯಬಹುದು. 1999ರಿಂದ ಹೀಗೆ ಹಿಡಿದರೂ ಮೀನು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಕೈಮನ್‌ಗೂ ಇದೇ ದಾರಿ ಯಾಕಾಗಬಾರದು? ಬ್ರೆಜಿಲಿನ ಕಪ್ಪು ಕೈಮನ್‌ಗೆ ನಿಯಂತ್ರಿತ ವ್ಯಾಪಾರದ ಬಾಗಿಲನ್ನು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದ 2007ರಲ್ಲೇ ತೆರೆದಿದೆ.

ವಿರೋಧ

ಎಣಿಕೆಯ ಮಾತೇ ತೆಗೆದುಕೊಳ್ಳೋಣ. ಪಿರರುಕು ತಾನಾಗಿ ಮೇಲೆ ಬರುತ್ತದೆ. ಕೈಮನ್ ಎಣಿಸುವುದು ರಾತ್ರಿ, ದೋಣಿಯಿಂದ ಟಾರ್ಚ್ ಬಿಟ್ಟು. ಕೆಂಪಗೆ ಕಣ್ಣು ಹೊಳೆದರೆ ಒಂದು ಅಂತ ಲೆಕ್ಕ. ಗಂಡೋ ಹೆಣ್ಣೋ, ಕಣ್ಣು ಹೇಳುವುದಿಲ್ಲ ಅಲ್ವಾ? ಬೇಟೆಯ ಬಿಸಿ ತಟ್ಟಿದ ಪ್ರಾಣಿ ಬೆಳಕು ಬಿದ್ದೊಡನೆ ಮುಳುಗುತ್ತದೆ. ನದಿ ಹತ್ತು ಮೀಟರಿನಷ್ಟು ಏರಿ ಕಾಡನ್ನೇ ನುಂಗಿದಾಗಲಂತೂ ಅವು ಮರಗಳ ನಡುವೆ ಚದುರಿಹೋಗುತ್ತವೆ.

ಹೆಣ್ಣು ಎಲೆ-ಕಸದ ಗುಡ್ಡೆಯಲ್ಲಿ 30ರಿಂದ 60 ಮೊಟ್ಟೆ ಇಟ್ಟು ಕಾಯುತ್ತದೆ. ಸಂಖ್ಯೆ ನೋಡಿ ಮೋಸ ಹೋಗಬೇಡಿ. ಮರಿಗಳನ್ನು ಹಕ್ಕಿ, ಹಾವು, ಮೀನು ಎಲ್ಲವೂ ತಿನ್ನುತ್ತವೆ. ಉಳಿದವು ಬಲಿಯಲು ವರ್ಷಗಳೇ ಬೇಕು. ಬೇಟೆಗಾರನ ಕಣ್ಣು ಮೊದಲು ಬೀಳುವುದು ದೊಡ್ಡದರ ಮೇಲೆ.

ಕೈಮನ್ ಮೀನೆಲ್ಲ ತಿಂದುಹಾಕುತ್ತದೆ ಎನ್ನುವವರಿದ್ದಾರೆ. 1970ರ ಸುಮಾರಿಗೆ ಜರ್ಮನ್ ವಿಜ್ಞಾನಿ ಫಿಟ್ಕಾವ್ ಇದಕ್ಕೆ ಉಲ್ಟಾ ಹೇಳಿದ್ದರು: ಸಾರವಿಲ್ಲದ ನೀರಿಗೆ ಕೈಮನ್‌ಗಳ ಮಲವೇ ಗೊಬ್ಬರ, ಅವು ಇಲ್ಲವಾದ ಕೆರೆಗಳಲ್ಲಿ ಮೀನೂ ಕಡಿಮೆಯಾಯಿತು. ಇದಿನ್ನೂ ಊಹೆಯೇ, ಒಪ್ಪುತ್ತೇನೆ. ಆದರೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಇನ್ನು ಕಳ್ಳಬೇಟೆ. ನಿಷೇಧವಿದ್ದಾಗಲೂ ಪಿರಕಾಟಿಂಗಾ ಮೀನು ಹಿಡಿಯಲು ಕೈಮನ್, ಗುಲಾಬಿ ಡಾಲ್ಫಿನ್‌ಗಳನ್ನು ಕೊಂದು ಎರೆ ಮಾಡುತ್ತಿದ್ದರು. ಕೊನೆಗೆ 2015ರಲ್ಲಿ ಸರ್ಕಾರ ಆ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ನಾಳೆ ಪರವಾನಗಿ ಬಂದರೆ, ಒಂದೇ ಚೀಟಿ ತೋರಿಸಿ ಎರಡು ಚರ್ಮ ಸಾಗಿಸುವವನನ್ನು ಅಷ್ಟು ದೊಡ್ಡ ಕಾಡಿನಲ್ಲಿ ಹಿಡಿಯುವವರು ಯಾರು?