ತಾಂಬೂಲದ ಚೀಲಕ್ಕೆ ನಮ್ಮ ತೋಟದ ಕೊಕ್ಕೊ

"ತಾಂಬೂಲದ ಚೀಲಕ್ಕೆ ಏನೇನು ಹಾಕಿಸ್ತೀರಿ?"

ತಂಗಿಯ ಮದುವೆ ಮಾತುಕತೆಗೆ ಮೈಸೂರಿನಿಂದ ಬಂದ ಬೀಗಿತ್ತಿ ಹೀಗೆ ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಮನೆ. ನಮ್ಮ ಕಡೆ ತಾಂಬೂಲ ಅಂದರೆ ಊಟ ಆದ ಮೇಲೆ ಹರಿವಾಣದಲ್ಲಿ ಇಟ್ಟಿರುವ ವೀಳ್ಯದೆಲೆ, ಅಡಕೆ ಹೋಳು, ಸುಣ್ಣ. ಬೇಕಾದವರು ಕೂತು ಮೆಲ್ಲುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ, ಹೊರಡುತ್ತಾರೆ. ಬಂದವರ ಕೈಗೆಲ್ಲ ಒಂದೊಂದು ಚೀಲ ಕೊಟ್ಟು ಕಳಿಸುವ ಕ್ರಮ ನಮ್ಮ ಮನೆಗಳಲ್ಲಿ ಇಲ್ಲ. ಮೈಸೂರು ಕಡೆ ಅದಿಲ್ಲದೆ ಮದುವೆಯೇ ಮುಗಿಯುವುದಿಲ್ಲ. ತೆಂಗಿನಕಾಯಿ, ಎಲೆ ಅಡಕೆ, ಜೊತೆಗೆ ಒಂದು ಸಿಹಿಯೋ ಪುಟ್ಟ ಡಬ್ಬಿಯೋ.

"ಚಾಕಲೇಟು ಹಾಕುವ" ಎಂದೆ ನಾನು. "ಅಂಗಡಿಯದ್ದಲ್ಲ. ನಮ್ಮ ತೋಟದ್ದು."

ಬೀಗಿತ್ತಿಗೆ ಅರ್ಥವಾಗಲಿಲ್ಲ. ತೋಟದಲ್ಲಿ ಚಾಕಲೇಟು ಹೇಗೆ ಬೆಳೆಯುತ್ತದೆ? ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅಡಕೆ ಮರಗಳ ನಡುವೆ, ನೆರಳಿನಲ್ಲಿ, ಕಾಂಡಕ್ಕೇ ಅಂಟಿಕೊಂಡು ನೇತಾಡುವ ಹಳದಿ ಕೊಕ್ಕೊ ಕಾಯಿಗಳು. ಚಾಕಲೇಟು ಆಗುವುದು ಇವುಗಳ ಬೀಜದಿಂದ. ಒಂದನ್ನು ಕೊಯ್ದು ಕಲ್ಲಿಗೆ ಬಡಿದು ಒಡೆದೆ. ಒಳಗೆ ಬಿಳಿ ತಿರುಳು ಮೆತ್ತಿದ ಬೀಜಗಳು, ಒಂದಕ್ಕೊಂದು ತಾಗಿ ಸಾಲಾಗಿ. "ಬಾಯಿಗೆ ಹಾಕಿ, ಅಗಿಯಬೇಡಿ, ಚೀಪಿ" ಎಂದೆ. ಚೀಪಿದರು. "ಅಯ್ಯೋ, ಸೀತಾಫಲದ ಹಾಗಿದೆ, ಸ್ವಲ್ಪ ಹುಳಿ ಜಾಸ್ತಿ" ಎಂದರು. ಆಮೇಲೆ ಇನ್ನೊಂದು ಬೀಜಕ್ಕೆ ಕೈ ಹಾಕಿದರು.

ಅವತ್ತಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಕೊಕ್ಕೊ ನಮ್ಮ ತೋಟಕ್ಕೆ ಬಂದು ಐವತ್ತು ವರ್ಷ ಆಗುತ್ತಾ ಬಂತು. ನಮ್ಮ ಬಾಳೆಲೆಗೆ ಮಾತ್ರ ಇನ್ನೂ ಬಂದಿಲ್ಲ. ಯಾಕೆ?

ನಾನು ಚಾಕಲೇಟು ತಿನ್ನಲು ಕಲಿತದ್ದು ನೆರೆಮನೆಯವರಿಂದ. ಅವರ ಮಗ ದುಬೈಯಲ್ಲಿದ್ದ. ಅವನು ಊರಿಗೆ ಬಂದ ಮರುದಿನ ನಮ್ಮ ಜಗಲಿಗೂ ಒಂದು ಪೊಟ್ಟಣ ಬರುತ್ತಿತ್ತು. ಕಾಸರಗೋಡಿನಲ್ಲಿ ಬೆಳೆದವರಿಗೆ ಈ ಗಲ್ಫ್ ಪೆಟ್ಟಿಗೆಯ ಪರಿಮಳ ಗೊತ್ತು: ಸಾಬೂನು, ಅತ್ತರು, ಚಾಕಲೇಟು ಎಲ್ಲ ಸೇರಿದ್ದು. ನಾನು ಒಂದು ತುಂಡನ್ನು ನಾಲ್ಕು ದಿನ ತಿನ್ನುತ್ತಿದ್ದೆ. ಕಾಗದವನ್ನು ಪುಸ್ತಕದೊಳಗೆ ಇಡುತ್ತಿದ್ದೆ. ಆ ಹೊತ್ತಿಗೆ ಮನೆಯ ಹಿಂದೆ ಅಜ್ಜ ಕೊಕ್ಕೊ ಕಾಯಿ ಒಡೆಯುತ್ತಿದ್ದರು. ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ. ಹೇಳಬೇಕು ಅಂತ ಅವರಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ನಮಗದು ತೂಕ ಹಾಕಿ ಮಾರುವ ಹಸಿ ಬೀಜ, ಅಷ್ಟೇ.

ಅಜ್ಜ ಗಿಡ ನೆಟ್ಟದ್ದು 1970ರ ದಶಕದಲ್ಲಿ. ಅಡಕೆಯ ನಡುವೆ ಬೆಳೆಯುತ್ತದೆ, ಬೇರೆ ಜಾಗ ಬೇಡ, ಕೊಳ್ಳುವವರಿದ್ದಾರೆ ಎಂದು ಆಗ ಊರೂರಲ್ಲಿ ಪ್ರಚಾರ ಇತ್ತು. 1980ರ ಆಸುಪಾಸಿನಲ್ಲಿ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಎಷ್ಟೋ ಜನ ಸಿಟ್ಟಿನಲ್ಲಿ ಗಿಡ ಕಡಿದರು. ಆಗ ಕೈ ಹಿಡಿದದ್ದು ಕ್ಯಾಂಪ್ಕೊ. 1973ರಲ್ಲಿ ಅಡಕೆಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಅದು, ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರದ್ದು. ಕೊಕ್ಕೊವನ್ನೂ ಕೊಳ್ಳಲು ಶುರು ಮಾಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಪೆರ್ಲ ದಾಟಿ, ಅಡ್ಕಸ್ಥಳದಲ್ಲಿ ಗಡಿ ದಾಟಿ ಮುಂದೆ ಹೋದರೆ ಪುತ್ತೂರು. ನಮ್ಮ ಬೀಜ ಆ ಕಡೆ ಹೋಗುತ್ತದೆ, ಚಾಕಲೇಟಾಗಿ ಬದಿಯಡ್ಕದ ಅಂಗಡಿಗೆ ವಾಪಸು ಬರುತ್ತದೆ. 2024ರಲ್ಲಿ ಆಫ್ರಿಕಾದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕೈಕೊಟ್ಟು ಹೊರದೇಶದ ಪೇಟೆಯಲ್ಲಿ ಒಣ ಬೀಜ ಟನ್ನಿಗೆ 10,000 ಡಾಲರ್ ದಾಟಿತಲ್ಲ, ಆಗ ನಮ್ಮೂರಲ್ಲೂ ಎಲ್ಲರೂ ಗಿಡದ ಬುಡ ನೋಡತೊಡಗಿದರು. ಅಳಿಲು ಕಚ್ಚಿದ ಕಾಯಿಯನ್ನೂ ಬಿಡಲಿಲ್ಲ. ಆದರೂ ಒಂದು ಮುಷ್ಟಿ ಬೀಜವನ್ನು ಅಡುಗೆಮನೆಗೆ ತಂದವರು ಕಡಿಮೆ.

ನಾನು ತಂದದ್ದು ನಾಲ್ಕು ವರ್ಷದ ಹಿಂದೆ. ಸುಮ್ನೆ ಆಸೆಗೆ.

ಬೀಜವನ್ನು ಹಸಿಯಾಗಿ ಒಣಗಿಸಿದರೆ ಚಾಕಲೇಟಿನ ರುಚಿ ಬರುವುದಿಲ್ಲ. ಮೊದಲು ಹುಳಿ ಬರಿಸಬೇಕು. ಬಿದಿರಿನ ಬುಟ್ಟಿಯ ಒಳಗೆ ಬಾಳೆಲೆ ಹಾಸಿ, ತಿರುಳಿನ ಸಮೇತ ಬೀಜ ತುಂಬಿ, ಮೇಲೆ ಬಾಳೆಲೆ ಮುಚ್ಚಿ, ಗೋಣಿ ಹೊದೆಸುತ್ತೇನೆ. ಮೊದಲ ದಿನ ತಿರುಳಿನ ನೀರು ಬುಟ್ಟಿಯ ತಳದಿಂದ ತೊಟ್ಟಿಕ್ಕುತ್ತದೆ. ಮೂರನೇ ದಿನ ಗೋಣಿ ಎತ್ತಿದರೆ ಕೈಗೆ ಬಿಸಿ ತಾಗುತ್ತದೆ, ಆಗಷ್ಟೇ ಬಗ್ಗಿಸಿದ ಗಂಜಿಯ ಹಾಗೆ. ಮೂಗಿಗೆ ಹುಳಿಯ ಘಾಟು. ಆಗ ಒಮ್ಮೆ ಬುಡಮೇಲು ಮಾಡಬೇಕು, ಐದನೇ ದಿನ ಇನ್ನೊಮ್ಮೆ. ಆರನೇ ದಿನ ಬಿಸಿ ಇಳಿದಿರುತ್ತದೆ. ಬೀಜವನ್ನು ಸೀಳಿ ನೋಡಿದರೆ ನೇರಳೆ ಬಣ್ಣ ಹೋಗಿ ಕಂದು ಬಂದಿರುತ್ತದೆ. ಬೀಜ ಸ್ವಲ್ಪವೇ ಇದ್ದರೆ ಬಿಸಿ ಏರುವುದಿಲ್ಲ. ಮೊದಲ ವರ್ಷ ಎರಡು ಕಿಲೋ ಬೀಜ ಹಾಕಿ ಬರೀ ಬೂಸು ಬರಿಸಿದ್ದೆ.

ಆಮೇಲೆ ಅಂಗಳದಲ್ಲಿ ಅಡಕೆಯ ಪಕ್ಕದಲ್ಲೇ ಒಣಗಿಸುವುದು. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಚಟಚಟ ಅನ್ನಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣಗಿದ್ದು ಸಿಗುತ್ತದೆ. ಬಾಣಲೆಯಲ್ಲಿ ಹದ ಉರಿಯಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಗೆರಸೆಯಲ್ಲಿ ಗೇರುತ್ತೇವೆ. ಅಮ್ಮ ಗೇರಿದರೆ ಒಂದು ಸಿಪ್ಪೆಯೂ ಉಳಿಯುವುದಿಲ್ಲ. ನಾನು ಗೇರಿದರೆ ಬೀಜವೂ ಹಾರುತ್ತದೆ.

ಇನ್ನು ಅರೆಯುವುದು. ದೋಸೆ ಹಿಟ್ಟು ಅರೆಯುವಂಥ ಕಲ್ಲಿನ ಗ್ರೈಂಡರಿನಲ್ಲೇ. ಕೊಯಮತ್ತೂರಿನ ಗ್ರೈಂಡರ್ ಕಂಪನಿಗಳು ಅದನ್ನೇ ಸ್ವಲ್ಪ ಬದಲಿಸಿ ಚಾಕಲೇಟಿಗಾಗಿ ಮಾಡುತ್ತವೆ, ಹೊರದೇಶದಲ್ಲಿ ಸಣ್ಣ ಮಟ್ಟದಲ್ಲಿ ಚಾಕಲೇಟು ಮಾಡುವವರೂ ಅದನ್ನು ತರಿಸಿಕೊಳ್ಳುತ್ತಾರೆ. ನನಗಿದು ತುಂಬಾ ಹೆಮ್ಮೆಯ ವಿಷಯ. ನಮ್ಮ ಇಡ್ಲಿ ದೋಸೆಯ ಕಲ್ಲು ಅದು, ಅಲ್ವಾ? ಬೀಜ ಮೊದಲು ಪುಡಿಯಾಗುತ್ತದೆ, ಆಮೇಲೆ ತನ್ನದೇ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕೊನೆಗೆ ದೋಸೆ ಹಿಟ್ಟಿನ ಹಾಗೆ ಹರಿಯುತ್ತದೆ. ಸಕ್ಕರೆ ಹಾಕಿ ಮೂವತ್ತು ಗಂಟೆಯಾದರೂ ತಿರುಗಬೇಕು. ನಾಲಿಗೆಗೆ ಮರಳು ಸಿಗದಷ್ಟು ನುಣ್ಣಗಾಗುವವರೆಗೆ. ರಾತ್ರಿ ಮನೆಯೆಲ್ಲ ಆ ಗುಂಯ್ ಸದ್ದು. ಅಪ್ಪ ಈಗ ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಅನ್ನುತ್ತಾರೆ.

ನಮ್ಮದು ಬೆಲ್ಲದ ಊರು. ಹಾಗಾಗಿ ಬೆಲ್ಲ ಹಾಕಿ ಮಾಡಬೇಕು ಎಂದು ನನಗೆ ಹಟ ಇತ್ತು. ಒಂದೂವರೆ ಕಿಲೋ ಚಾಕಲೇಟು ಕಣ್ಣ ಮುಂದೆಯೇ ಗಟ್ಟಿಯಾಗಿ ಗ್ರೈಂಡರ್ ನಿಂತುಹೋಯಿತು. ಬೆಲ್ಲದಲ್ಲಿ ನೀರಿನ ಅಂಶ ಉಂಟು. ಕರಗಿದ ಚಾಕಲೇಟಿಗೆ ಒದ್ದೆ ಚಮಚ ತಾಗಿದರೂ ಸಾಕು, ಕೆಡುತ್ತದೆ. ಅವತ್ತು ನಿಜವಾಗಿ ಅಳು ಬಂತು. ಅಮ್ಮ ಅದನ್ನು ಬಿಸಾಡಲು ಬಿಡಲಿಲ್ಲ. ಕಾಯಿತುರಿ, ತುಪ್ಪ ಸೇರಿಸಿ ಬಾಣಲೆಗೆ ಹಾಕಿ ಮಗುಚಿ ಕಾಯಿ ಬರ್ಫಿ ಮಾಡಿದಳು. ಆ ಬರ್ಫಿಯ ರುಚಿ ಈಗಲೂ ನಾಲಿಗೆಯಲ್ಲಿದೆ. ಈಗ ನಾನು ಹಾಕುವುದು ತೆಂಗಿನ ಸಕ್ಕರೆ. ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ), 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, ತೆಂಗಿನ ಹೊಂಬಾಳೆಯಿಂದ ಕಲ್ಪರಸ ಎಂಬ ಸಿಹಿ ರಸ ಇಳಿಸುವ, ಅದನ್ನು ಕುದಿಸಿ ಸಕ್ಕರೆ ಮಾಡುವ ವಿಧಾನವನ್ನು ರೈತರಿಗೆ ಕಲಿಸಿದೆ. ಅದನ್ನೂ ಚೆನ್ನಾಗಿ ಒಣಗಿಸಿಯೇ ಹಾಕಬೇಕು. ಬಿಳಿ ಸಕ್ಕರೆಯಲ್ಲಿ ಸಿಗದ ಒಂದು ಸುಟ್ಟ ಸಿಹಿ ಅದರಲ್ಲಿದೆ. ಕೊಕ್ಕೊ, ತೆಂಗು, ಅಡಕೆ ಮೂರೂ ಒಂದೇ ತೋಟದವು.

ಮದುವೆಯ ಮಾತಿಗೆ ಬರುತ್ತೇನೆ.

ಎರಡು ಊರಿನ ಕ್ರಮ ನೋಡಿದಾಗ ನನಗೆ ಕಂಡದ್ದು ಹೀಗೆ. ಮೈಸೂರಿನವರು ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅದು ದೊಡ್ಡ ಗುಣ, ನಾವು ಕಲಿಯಬೇಕಾದದ್ದು. ಮದುವೆಗೆ ಬರಲಾಗದ ಅಜ್ಜಿಗೆ ಆ ಚೀಲದ ಕಾಯಿ, ಸಿಹಿ ತಲುಪುತ್ತದೆ. ಆದರೆ ಚೀಲದೊಳಗಿನದ್ದು ಬರುಬರುತ್ತಾ ಎಲ್ಲಿಯದ್ದೋ ಆಗುತ್ತಿದೆ. ಯಾವ ಮದುವೆಗೆ ಹೋದರೂ ಅದೇ ಪ್ಲಾಸ್ಟಿಕ್ ಡಬ್ಬಿ, ಅದೇ ಹೊಳೆಯುವ ಕಾಗದದ ಚಾಕಲೇಟು. ‘ಹೋಂ ಮೇಡ್’ ಎಂದು ಮಾರುವ ಎಷ್ಟೋ ಚಾಕಲೇಟು, ಕಾಂಪೌಂಡ್ ಎಂಬ ಸಿದ್ಧ ಗಟ್ಟಿ ತಂದು ಕರಗಿಸಿ ಅಚ್ಚಿಗೆ ಹೊಯ್ದದ್ದು. ಅದರಲ್ಲಿ ಕೊಕ್ಕೊ ಬೆಣ್ಣೆಯ, ಅಂದರೆ ಬೀಜದ್ದೇ ಕೊಬ್ಬಿನ ಬದಲು ಬೇರೆ ಎಣ್ಣೆ ಇರುತ್ತದೆ. ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ.

ನಮ್ಮ ಕಡೆ ಒಯ್ಯಲು ಏನೂ ಕೊಡುವುದಿಲ್ಲ, ಆದರೆ ಎಲ್ಲರ ಕೈಯೂ ಕೆಲಸಕ್ಕೆ ಬರುತ್ತದೆ. ಮದುವೆಗೆ ಎರಡು ದಿನ ಮುಂಚೆ ನೆರೆಕರೆಯವರು ತರಕಾರಿ ಹೆಚ್ಚಲು ಬರುತ್ತಾರೆ. ಅಡುಗೆಗೆ ಭಟ್ಟರು ಇದ್ದರೂ ಬಡಿಸುವುದು ನಮ್ಮ ಹುಡುಗರೇ. ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. "ಆಸರಿಂಗೆ ಎಂತ ಬೇಕು?", ಬಾಯಾರಿಕೆಗೆ ಏನು ಬೇಕು ಎಂಬ ಪ್ರಶ್ನೆ. ಮೈಸೂರಿನ ಬೀಗರಿಗೆ ಇದು ಹೊಸದು. ಮುಹೂರ್ತಕ್ಕೆ ಮುಂಚಿನ ಸಂಜೆಯೇ ಅವರ ಕಡೆ ಆರತಕ್ಷತೆ ಆಗುತ್ತದೆ ಎಂಬುದು ನಮಗೆ ಹೊಸದು. ತಾಳಿ ಕಟ್ಟುವ ಮೊದಲೇ ಜೋಡಿಯಾಗಿ ನಿಲ್ಲಿಸುವುದು ಹೇಗೆ ಎಂದು ದೊಡ್ಡಮ್ಮ ಇನ್ನೂ ಕೇಳುತ್ತಿದ್ದಾರೆ. ಕೊನೆಗೆ ಆರತಕ್ಷತೆ ಮೈಸೂರಿನಲ್ಲಿ, ಮದುವೆ ಆದ ಮೇಲೆ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಮುಗಿಯಿತು.

ಲಗ್ನಪತ್ರಿಕೆ ಕನ್ನಡದಲ್ಲೇ. ಅದರಲ್ಲಿ ಅಪ್ಪ ಯಾರ ಮಾತೂ ಕೇಳಲಿಲ್ಲ. 1956ರ ನವೆಂಬರ್ 1ಕ್ಕೆ ಭಾಷಾವಾರು ರಾಜ್ಯಗಳಾದಾಗ ನಾವು ಗಡಿಯ ಈಚೆ, ಕೇರಳದಲ್ಲಿ ಉಳಿದವರು. ಮದುವೆ ನೋಂದಣಿಗೆ ಪಂಚಾಯತಿಗೆ ಹೋದರೆ ಮಲಯಾಳಂ ಬೇಕಾಗುವುದುಂಟು, ಅದು ಇರಲಿ. ಮನೆಯ ಬಾಗಿಲಿಗೆ ಹೋಗಿ ಕೊಡುವ ಹೇಳಿಕೆ, ಅಂದರೆ ಮದುವೆಯ ಕರೆ, ನಮ್ಮ ಭಾಷೆಯಲ್ಲಿ ಇರಬೇಕು. ಮಲಯಾಳಿ ನೆರೆಯವರಿಗೆ ನಾವೇ ಹೋಗಿ ಅವರ ಭಾಷೆಯಲ್ಲಿ ಹೇಳುತ್ತೇವೆ. ಕೊಕ್ಕೊ ಎಂಬ ಮಾತು ಮಾತ್ರ ಎರಡೂ ಭಾಷೆಗೆ ಒಂದೇ.

ಹಾಗಾಗಿ ನನ್ನ ಆಸೆ ಇಷ್ಟು: ಅವರ ಚೀಲ ಇರಲಿ, ನಮ್ಮ ಕೈ ಇರಲಿ. ಮೇ ತಿಂಗಳ ಮದುವೆ, ಆರುನೂರು ಜನ. ಒಬ್ಬರಿಗೆ 15 ಗ್ರಾಂ ಎಂದರೂ ಒಂಬತ್ತು ಕಿಲೋ ಬೇಕು. ಮೂವತ್ತು ಕಿಲೋ ಹಸಿ ಬೀಜಕ್ಕೆ ಹತ್ತು ಕಿಲೋ ಒಣಗಿದ್ದು, ಸಿಪ್ಪೆ ತೆಗೆದರೆ ಏಳೂವರೆ, ಸಕ್ಕರೆ ಸೇರಿದರೆ ಹತ್ತು ಕಿಲೋಗೆ ಮೋಸ ಇಲ್ಲ. ಸುಮಾರು ಮುನ್ನೂರು ಕಾಯಿ. ನನ್ನ ಪುಟ್ಟ ಗ್ರೈಂಡರಿಗೆ ಏಳು ಸಲದ ಕೆಲಸ.

ಒಂದೇ ಚಿಂತೆ ಸೆಕೆ. ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಹತ್ತಿರ. ನಮ್ಮ ಮೇ ತಿಂಗಳೂ ಅಲ್ಲೇ ಇರುತ್ತದೆ. ಅದಕ್ಕೆ ಹಾಲು ಹಾಕದ ಕಪ್ಪು ಚಾಕಲೇಟನ್ನೇ ಮಾಡುತ್ತೇನೆ, ಅದು ಸ್ವಲ್ಪ ತಡೆಯುತ್ತದೆ. ಮದುವೆ ಮಂಟಪದ ಎಸಿ ಕೋಣೆಯಲ್ಲಿಟ್ಟು ಹೊರಡುವ ಹೊತ್ತಿಗೆ ಚೀಲಕ್ಕೆ ಹಾಕುವುದು. ಫ್ರಿಜ್ಜಿನಿಂದ ನೇರ ತೆಗೆದು ಬಿಚ್ಚಿದರೆ ಮೇಲೆ ನೀರು ಹನಿಗಟ್ಟಿ ಬಿಳಿ ಕಲೆ ಬರುತ್ತದೆ, ಅದು ನಮ್ಮ ಕರಾವಳಿಯ ಗಾಳಿಯ ಗುಣ. ಎಲೆಗೆ ಬಡಿಸಲು ಅಮ್ಮನ ಕಾಯಿ ಬರ್ಫಿ, ಹುರಿದ ಕೊಕ್ಕೊ ಚೂರು ಹಾಕಿದ್ದು. ಅದು ಎಂಥ ಸೆಕೆಗೂ ಕರಗುವುದಿಲ್ಲ. ಕಾಯಿಹಾಲು ಹೋಳಿಗೆಯ ಜಾಗವನ್ನು ಯಾರೂ ಮುಟ್ಟುವುದಿಲ್ಲ, ಅದು ಇದ್ದೇ ಇರುತ್ತದೆ. ಬೆಲ್ಲ ನೀರಿನ ಜೊತೆ ಕೊಕ್ಕೊ ತಿರುಳಿನ ರಸವನ್ನೂ ಇಡುವ ಎಂದಿದ್ದೇನೆ. ಮೇ ತಿಂಗಳಲ್ಲಿ ಹೊಸ ಕಾಯಿ ಇರುತ್ತದೆ.

ಕಳೆದ ತಿಂಗಳು ಮೈಸೂರಿಗೆ ಹೋಗುವಾಗ ಮಾದರಿಗೆ ಇಪ್ಪತ್ತು ತುಂಡು ಒಯ್ದೆ. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ ದಾಟುವವರೆಗೆ ಡಬ್ಬಿ ಮಡಿಲಲ್ಲೇ ಇತ್ತು. ಬೀಗಿತ್ತಿ ಒಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. "ಕಹಿ ಇದೆ" ಎಂದರು. ಮತ್ತೆ, "ಆಮೇಲೆ ಆ ಹಣ್ಣಿನ ಹುಳಿ ಬಂತು ನೋಡಿ, ಅವತ್ತು ತೋಟದಲ್ಲಿ ಚೀಪಿದ್ನಲ್ಲ, ಅದೇ" ಎಂದರು. ಉಳಿದದ್ದನ್ನು ಒಳಗೆ ಎತ್ತಿಟ್ಟರು, ಅವರ ಅತ್ತೆಗಂತೆ.

ಕಾಯಿ ಒಡೆಯುವುದು ಮುಂದಿನ ಭಾನುವಾರ. ದುಬೈಯಿಂದ ಊರಿಗೆ ಬಂದು ನೆಲೆಸಿರುವ ನೆರೆಮನೆಯ ಅಣ್ಣ ಬುಟ್ಟಿ ಕೊಡುತ್ತೇನೆ ಎಂದಿದ್ದಾನೆ. ಗೋಣಿ ಒಗೆದು ಒಣಗಿಸಿ ಆಗಿದೆ. ತಂಗಿ ತಾನೂ ಕೂರುತ್ತೇನೆ ಎನ್ನುತ್ತಿದ್ದಾಳೆ, ಕೈಗೆ ಕಲೆ ಆಗುತ್ತದೆ ಎಂದರೂ ಕೇಳುತ್ತಿಲ್ಲ.