ಬೆನ್ನು ಸವರಿದರೆ ಸಾಕು

ಮೃಗಶಿರಾ ಮಳೆ ಹಿಡಿದು ನಾಲ್ಕು ದಿನ. ಕರೆಂಟು ಹೋಗಿ ಮೂರು ದಿನ. ನನಗೆ ನಿದ್ದೆಯಿಲ್ಲದೆ ಎರಡು ರಾತ್ರಿ. ಮೊದಲಿನ ಎರಡಕ್ಕೆ ತೀರ್ಥಹಳ್ಳಿ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೆಯದಕ್ಕೆ ಕಾರಣ, ಬಚ್ಚಲ ನೀರು ಹೋಗುವ ಪೈಪಿನಲ್ಲಿ ಬಂದು ಕೂತಿರುವ ಒಂದು ಕಪ್ಪೆ.

ಗದ್ದೆಯಲ್ಲಿ ಸಾವಿರ ಕಪ್ಪೆ ವಟಗುಟ್ಟಲಿ, ನನ್ನ ತಕರಾರಿಲ್ಲ. ಅದು ಮಳೆ ಸದ್ದಿನ ಜೊತೆ ಸೇರಿ ಹೋಗುತ್ತದೆ. ಇದು ಹಾಗಲ್ಲ, ಒಂಟಿ. ಮೈಕ್ ಟೆಸ್ಟಿಂಗ್ ಮಾಡುವವನ ಹಾಗೆ ಒಂದು ಸಲ 'ಟ್ರೊಂಕ್' ಎಂದು ಬಿಟ್ಟು, ನಾನು ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಾಗ ಇನ್ನೊಂದು. ಟಾರ್ಚ್ ಹಿಡಿದು ಹೋದರೆ ಗಪ್‌ಚುಪ್. ವಾಪಸ್ ಬಂದು ಕಂಬಳಿ ಎಳೆದುಕೊಂಡರೆ ಮತ್ತೆ 'ಟ್ರೊಂಕ್'. ತೈವಾನಿನ ಒಂದು ಜಾತಿ ಮರಗಪ್ಪೆ ಕಾಂಕ್ರೀಟ್ ಚರಂಡಿಯಲ್ಲಿ ಕೂತು ಕೂಗಿದರೆ ದನಿ ಜೋರೂ ಆಗುತ್ತದೆ, ಉದ್ದವೂ ಆಗುತ್ತದೆ ಎಂದು ಅಲ್ಲಿಯವರು 2014ರಲ್ಲಿ ಅಳೆದು ಹೇಳಿದ್ದಾರೆ. ನಮ್ಮ ಬಚ್ಚಲಿಗೇ ಬಂದು ಅಳೆಯಬಹುದಿತ್ತು. ಕಾಫಿ ಕೊಡುತ್ತಿದ್ದೆ.

ಬೆಂಗಳೂರಿನ ನಂಟರೊಬ್ಬರಿಗೆ ಫೋನಿನಲ್ಲಿ ಹೇಳಿಕೊಂಡೆ. "ಅಯ್ಯೋ, ಎಷ್ಟು ಲಕ್ಕಿ ನೀವು! ನೇಚರ್ ಮ್ಯೂಸಿಕ್ ಅಲ್ವಾ?" ಅಂದರು. ಆಗುಂಬೆ ಕಡೆ ಹೋಂಸ್ಟೇಗೆ ದುಡ್ಡು ಕೊಟ್ಟು ಕಪ್ಪೆ ಕೂಗು ಕೇಳಿ ಹೋಗುವವರೂ ಇದ್ದಾರೆ. ನನ್ನ ಪೈಪನ್ನೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ತಯಾರಿದ್ದೇನೆ, ತಿಂಡಿ ಸೇರಿಸಿ. ಬೆಳಿಗ್ಗೆ ಹತ್ತಕ್ಕೆ ಏಳುವವರಿಗೆ ಅದು ಸಂಗೀತ. ಐದಕ್ಕೆ ಎದ್ದು ಕೊಟ್ಟಿಗೆಗೆ ಹೋಗುವವನ ಹತ್ತಿರ ಆ ಮಾತು ಆಡಬಾರದು, ಅಷ್ಟೇ.

ಇಷ್ಟಕ್ಕೂ ಇದರ ತಲೆಯೊಳಗೆ ಏನಿದೆ? ರಾತ್ರಿ ಎರಡು ಗಂಟೆಗೆ, ಮೊಬೈಲಿನಲ್ಲಿ ಉಳಿದಿದ್ದ ಚೂರುಪಾರು ಚಾರ್ಜಿನಲ್ಲಿ ಹುಡುಕುತ್ತಾ ಕೂತೆ. ಸಿಕ್ಕಿದವನು ಫ್ರೀಡ್ರಿಕ್ ಗೋಲ್ಟ್ಸ್ ಎಂಬ ಜರ್ಮನ್. 1869ರಷ್ಟು ಹಿಂದೆ ಈ ಪುಣ್ಯಾತ್ಮ ಕಪ್ಪೆಯ ಮಿದುಳಿನ ಮುಂಭಾಗದ ಎರಡು ಹೋಳನ್ನು ತೆಗೆದು, ಅದರ ಬೆನ್ನನ್ನು ಮೆಲ್ಲಗೆ ಸವರಿ ನೋಡಿದ್ದ. ಕಪ್ಪೆ 'ವಟ್' ಅಂತು. ಮತ್ತೆ ಸವರಿದ, ಮತ್ತೆ 'ವಟ್'. ಸವರಿದಷ್ಟು ಸಲವೂ. ಮುಂಭಾಗ ನೆಟ್ಟಗಿರುವ ಕಪ್ಪೆ ಹಾಗಲ್ಲ. ಮನಸ್ಸಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಓದುತ್ತಿದ್ದ ಹಾಗೇ ನಮ್ಮ ಭಾವ ನೆನಪಾದರು.

ಭಾವನ ಬೆನ್ನು ಇರುವುದು ಅಡಿಕೆ ರೇಟಿನಲ್ಲಿ. ಹೋದ ವರ್ಷ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೋಳಿಗೆ ಊಟ ಮುಗಿಸಿ ಭಾವ ಜಗಲಿಯ ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾನು ಸುಮ್ನೆ, ಪಕ್ಕದಲ್ಲಿದ್ದವರ ಹತ್ತಿರ, "ರಾಶಿ ಅಡಿಕೆ ರೇಟು ಎಷ್ಟಿದೆಯಂತೆ?" ಅಂದೆ. ಗೊರಕೆ ನಿಂತಿತು. ಕಣ್ಣು ಮಾತ್ರ ತೆರೆಯಲಿಲ್ಲ. "ಏನು ಹೇಳೋದು ಮಾರಾಯ, ಆ ವರ್ಷ ಒಂದು ವಾರ ತಡ್ಕೊಂಡಿದ್ರೆ..." ಎಂದು ಶುರುವಾಯಿತು. ಹದಿನೆಂಟು ಚೀಲ ಮಂಡಿಗೆ ಹಾಕಿದ್ದು. ಸೋಮವಾರ ಕೊಟ್ಟುಬಿಟ್ಟದ್ದು. ಮುಂದಿನ ಸೋಮವಾರ ರೇಟು ಹಾರಿದ್ದು. ರಾಶಿಯಲ್ಲದೆ ಬೆಟ್ಟೆ ಅಡಿಕೆಗೆ ಎಷ್ಟು, ಗೊರಬಲಿಗೆ ಎಷ್ಟು. ನಡುವೆ, ಮಂಡಿಯವರು ತರಿಸಿದ ಚಹಾಕ್ಕೆ ಸಕ್ಕರೆಯೇ ಇಲ್ಲದ್ದು. ಸಕ್ಕರೆಯ ಹತ್ತಿರ ಬಂದಾಗ ಒಂದು ನಿಟ್ಟುಸಿರು, ಅದು ಇವತ್ತಿನವರೆಗೆ ತಪ್ಪಿಲ್ಲ. ಕಥೆ ಮುಗಿಯಿತು. ಗೊರಕೆ ಬಿಟ್ಟಲ್ಲಿಂದಲೇ ಮುಂದುವರಿಯಿತು.

ಅಕ್ಕನ ಮಗನಿಗೆ ರುಚಿ ಹತ್ತಿತು. ಐದು ನಿಮಿಷ ಬಿಟ್ಟು ಮೆಲ್ಲಗೆ "ರಾಶಿ" ಅಂದ. ಮತ್ತೆ ಮೊದಲಿಂದ: ಹದಿನೆಂಟು ಚೀಲ, ಸೋಮವಾರ, ಸಕ್ಕರೆ, ನಿಟ್ಟುಸಿರು, ಗೊರಕೆ. ಮೂರನೇ ಸಲಕ್ಕೆ ಅಕ್ಕ ಒಳಗಿಂದ ಸೌಟು ಹಿಡಿದೇ ಬಂದು ಇಬ್ಬರಿಗೂ ಬೈದಳು. ಗಲಾಟೆಗೆ ಎದ್ದು ಕೂತ ಭಾವ, "ನಾನೆಲ್ಲಿ ಮಾತಾಡಿದೆ? ನನಗೆ ಕಣ್ಣು ಹತ್ತಿತ್ತು" ಅಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು.

ಗೋಲ್ಟ್ಸ್ ಆದಮೇಲಿನವರು ಇನ್ನೂ ಮುಂದೆ ಹೋಗಿದ್ದಾರೆ. ಆಫ್ರಿಕಾದಲ್ಲಿ ಕ್ಸೆನೋಪಸ್ ಅಂತ ಒಂದು ಕಪ್ಪೆ, ನೀರಿನೊಳಗೇ ಕೂಗುವಂಥದ್ದು. ಅದರ ಮಿದುಳನ್ನು ಪೂರ್ತಿ ಹೊರಗೆ ತೆಗೆದು ಬಟ್ಟಲಲ್ಲಿಟ್ಟು ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಬೆರೆಸಿದರೆ, ಗಂಟಲಿಗೆ ಹೋಗಬೇಕಿದ್ದ ನರದಲ್ಲಿ ಕೂಗಿನ ತಾಳ ಹಾಗೇ ಬರುತ್ತದಂತೆ. ಗಂಟಲಿಲ್ಲ, ಕೊಳವಿಲ್ಲ, ಕೇಳಲು ಹೆಣ್ಣುಕಪ್ಪೆಯಿಲ್ಲ. ತಾಳ ಮಾತ್ರ ಕರಾರುವಾಕ್ಕು. ತಾಳ ಹಾಕುವುದೆಲ್ಲ ಹಿಂಮಿದುಳು, ಉಸಿರಾಟ ನೋಡಿಕೊಳ್ಳುವ ಕಡೆಯದೇ. ಕೂಗುವ ಹುಮ್ಮಸ್ಸು ಹುಟ್ಟಿಸುವುದಕ್ಕೆ ಹಾರ್ಮೋನುಗಳಿವೆ. ಹಾಗಾದರೆ 'ಸಾಕು, ಸುಮ್ಮನಿರು' ಅನ್ನುವುದು ಯಾರು? ಆ ಪುಟ ತೆರೆಯುವಷ್ಟರಲ್ಲಿ ಮೊಬೈಲ್ ಸತ್ತಿತು.

ಬೆಳಿಗ್ಗೆ ನೋಡಿದರೆ ಹಂಡೆಯ ಪಕ್ಕದಲ್ಲೇ ಕೂತಿದೆ ಆಸಾಮಿ, ಕಂದು ಬಣ್ಣ, ಮೈಯೆಲ್ಲ ಬೂದಿ. ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ತೋರುಬೆರಳಿನಿಂದ ಬೆನ್ನು ಸವರಿದೆ. ಇಲ್ಲ. ಇನ್ನೊಮ್ಮೆ. ಇಲ್ಲ. ಗಂಡುಕಪ್ಪೆಯನ್ನು ಇನ್ನೊಂದು ಗಂಡು ಗೊತ್ತಾಗದೆ ತಬ್ಬಿಕೊಂಡರೆ 'ಬಿಡು ಬಿಡು' ಎಂದು ಬೇರೆಯೇ ಒಂದು ಕೂಗು ಹಾಕುತ್ತದೆಂದು ಓದಿದ್ದೆನಲ್ಲ, ಪಕ್ಕೆಗಳನ್ನು ಮೆಲ್ಲಗೆ ಅದುಮಿಯೂ ನೋಡಿದೆ. ಕಪ್ಪೆ ನನ್ನನ್ನೇ ದಿಟ್ಟಿಸಿತು. ಆಮೇಲೆ ಅಂಗೈ ತುಂಬ ಉಚ್ಚೆ ಹೊಯ್ದಿತು.

ಹಾಗೇ ಹಿಡಿದುಕೊಂಡು ಒಂದು ಕೈ ತೊಳೆಯಲು ಬಚ್ಚಲಿಗೆ ಬಗ್ಗಿದೆ. ಪೈಪಿನೊಳಗಿಂದ 'ಟ್ರೊಂಕ್' ಅಂತು.